601 ಡಿಪಿಯ ಟ್ಯಾಬ್ಲೆಟ್, 320 ಡಿಪಿಯ ಫೋನು: ಕಂಪೋಸ್ ಅಡಾಪ್ಟಿವ್ ಲೈಬ್ರರಿಯ ವಿಮರ್ಶೆ

ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ನಾನು ಬರೆದುಕೊಟ್ಟಿದ್ದ ಆಂಡ್ರಾಯ್ಡ್ ಆ್ಯಪ್ ಕೆಲವು ವರ್ಷಗಳ ಕಾಲ ಉದ್ದುದ್ದಕ್ಕೇ ನಿಂತಿತ್ತು. ಸಂಘದ ಮೇಜಿನ ಮೇಲಿರುವ ಎಂಟು ಇಂಚಿನ ಟ್ಯಾಬ್ಲೆಟ್ಟನ್ನು ಕಾರ್ಯದರ್ಶಿಯವರು ಸ್ಟ್ಯಾಂಡಿನಲ್ಲಿ ಅಡ್ಡಲಾಗಿ ಇಟ್ಟುಕೊಂಡಿದ್ದರೂ ಆ್ಯಪ್ ಮಾತ್ರ ತಿರುಗುತ್ತಿರಲಿಲ್ಲ, ಏಕೆಂದರೆ ಮ್ಯಾನಿಫೆಸ್ಟ್ ಎಂಬ, ಆ್ಯಪಿನ ಮೂಲ ವಿವರಗಳ ಕಡತದಲ್ಲಿ ‘ಪೋರ್ಟ್ರೇಟ್’ ಎಂಬ ಒಂದು ಸಾಲು ಬರೆದು ನಾನೇ ಅದನ್ನು ಕಟ್ಟಿಹಾಕಿದ್ದೆ. ಪರದೆಯ ಅಳತೆಗಳ ತಲೆನೋವಿನಿಂದ ತಪ್ಪಿಸಿಕೊಳ್ಳಲು ನಮ್ಮಲ್ಲಿ ಬಹುತೇಕರು ಹಿಡಿಯುವ ಒಳದಾರಿ ಅದು. 2025ರಲ್ಲಿ ಬಂದ ಆಂಡ್ರಾಯ್ಡ್ 16 ಈ ದಾರಿಯನ್ನು ಮುಚ್ಚತೊಡಗಿದೆ: ಆ ಆವೃತ್ತಿಯನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್, ಕಿರಿದಾದ ಬದಿಯೇ 600 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ, ಅದರ ಲೆಕ್ಕ ಮುಂದಿದೆ) ಅಥವಾ ಅದಕ್ಕಿಂತ ಹೆಚ್ಚಿರುವ ಪರದೆಯಲ್ಲಿ ಓಡುವಾಗ ದಿಕ್ಕನ್ನು ಕಟ್ಟಿಹಾಕುವ ಆದೇಶವನ್ನು ವ್ಯವಸ್ಥೆಯು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟಗಳಿಗೆ ವಿನಾಯಿತಿ ಉಂಟು. ಹಾಲಿನ ಲೆಕ್ಕಕ್ಕೆ ಇಲ್ಲ. ನಮ್ಮ ಸಂಘದ ಹಳೆಯ ಟ್ಯಾಬ್ಲೆಟ್ಟಿಗೆ ಈ ಆವೃತ್ತಿ ಬರುವ ಸಂಭವವಿಲ್ಲವಾದರೂ ಅದು ಕೆಟ್ಟ ದಿನ ಕೊಳ್ಳುವ ಹೊಸದಕ್ಕೆ ಬಂದೇ ಇರುತ್ತದೆ. ಹೀಗಾಗಿ ಜೆಟ್‌ಪ್ಯಾಕ್ ಕಂಪೋಸ್‌ನ ಮೆಟೀರಿಯಲ್ 3 ಅಡಾಪ್ಟಿವ್ ಲೈಬ್ರರಿಯನ್ನು (ಕಂಪೋಸ್ ಎಂದರೆ ಆಂಡ್ರಾಯ್ಡ್ ಪರದೆಗಳನ್ನು ಕೋಟ್ಲಿನ್ ಭಾಷೆಯಲ್ಲಿ ಬರೆಯುವ ಗೂಗಲ್‌ನ ಸಲಕರಣೆ, ಈ ಲೈಬ್ರರಿ ಜಾಗಕ್ಕೆ ತಕ್ಕಂತೆ ಪರದೆಯನ್ನು ಹೊಂದಿಸುವ ಅದರ ಸಿದ್ಧ ಕೋಡು) ಕೈಗೆತ್ತಿಕೊಂಡು ಆ್ಯಪಿನ ಪರದೆಗಳನ್ನೆಲ್ಲ ಹೊಸದಾಗಿ ಬರೆದೆ. ಆರು ತಿಂಗಳ ಬಳಕೆಯ ನಂತರ ಅದರ ಬಗ್ಗೆ ನನಗನ್ನಿಸಿದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲಿಗೆ ಡಿಪಿಯ ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಇಂಚಿಗೆ 160 ಚುಕ್ಕೆಗಳಿರುವ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್. 320 ಚುಕ್ಕೆಗಳಿರುವಲ್ಲಿ ಎರಡು ಪಿಕ್ಸೆಲ್. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ಪರದೆ 320 x 480 ಪಿಕ್ಸೆಲ್ಲಿನದಾಗಿತ್ತು, ಅದೊಂದೇ ಅಳತೆ ಇದ್ದುದರಿಂದ ಗುಂಡಿಯನ್ನು ಎಲ್ಲಿಡಬೇಕೆಂದು ಪಿಕ್ಸೆಲ್ ಎಣಿಸಿ ಹೇಳಿದರೂ ನಡೆಯುತ್ತಿತ್ತು. ಮರುವರ್ಷ ಆಂಡ್ರಾಯ್ಡ್ 1.6 ಬೇರೆ ಬೇರೆ ಗಾತ್ರದ ಪರದೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಂದೀಚೆಗೆ ಡಿಪಿಯನ್ನು ಬಿಟ್ಟು ಪಿಕ್ಸೆಲ್ ಹಿಡಿದವರಿಗೆ ಉಳಿಗಾಲವಿಲ್ಲ. ಇಂದು ಹಳ್ಳಿಯ ರೈತರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ 720 x 1600 ಪಿಕ್ಸೆಲ್ಲಿನ ಫೋನು, ಸಾಂದ್ರತೆ 320 ಇದ್ದಾಗ, 360 ಡಿಪಿ ಅಗಲದ್ದು. ಆದರೆ ಕಣ್ಣು ಮಂಜಾದ ಹಿರಿಯರೊಬ್ಬರು ಸೆಟ್ಟಿಂಗ್ಸ್‌ಗೆ ಹೋಗಿ ಡಿಸ್‌ಪ್ಲೇ ಗಾತ್ರವನ್ನು ಹಿಗ್ಗಿಸಿಕೊಂಡು ಸಾಂದ್ರತೆ 360ಕ್ಕೆ ಏರಿದರೆ, ಅದೇ ಫೋನು ಆ ಕ್ಷಣದಿಂದ 320 ಡಿಪಿ ಅಗಲದ್ದಾಗುತ್ತದೆ. ಫೋನು ಬದಲಾಗಿಲ್ಲ, ಜಾಗ ಬದಲಾಗಿದೆ.

ಈ ಲೈಬ್ರರಿಯ ದೊಡ್ಡ ಗುಣವೆಂದರೆ ಅದು ಯಾವ ಸಾಧನ ಎಂದು ಕೇಳುವುದೇ ಇಲ್ಲ, ಈ ಹೊತ್ತು ಎಷ್ಟು ಜಾಗವಿದೆ ಎಂದಷ್ಟೇ ಕೇಳುತ್ತದೆ. ಆ್ಯಪಿಗೆ ದಕ್ಕಿರುವ ಕಿಟಕಿಯ ಅಗಲ 600 ಡಿಪಿಗಿಂತ ಕಡಿಮೆಯಿದ್ದರೆ ಅದು ಕಾಂಪ್ಯಾಕ್ಟ್, 600ರಿಂದ 840ರೊಳಗೆ ಮೀಡಿಯಂ, 840 ಮತ್ತು ಅದಕ್ಕೆ ಮೇಲ್ಪಟ್ಟು ಎಕ್ಸ್‌ಪ್ಯಾಂಡೆಡ್. ಎತ್ತರಕ್ಕೂ 480 ಮತ್ತು 900 ಡಿಪಿಗಳಲ್ಲಿ ಇಂಥದೇ ಗಡಿಗಳಿವೆ. ಇವನ್ನು ವಿಂಡೋ ಸೈಜ್ ಕ್ಲಾಸ್ ಎನ್ನುತ್ತಾರೆ. ನಮ್ಮ ಸಂಘದ ಟ್ಯಾಬ್ಲೆಟ್ 800 x 1280 ಪಿಕ್ಸೆಲ್ಲಿನದು, ಸಾಂದ್ರತೆ 213. ಲೆಕ್ಕ ಹಾಕಿದರೆ ನೆಟ್ಟಗೆ ಹಿಡಿದಾಗ ಸುಮಾರು 601 ಡಿಪಿ, ಅಡ್ಡ ಹಿಡಿದಾಗ ಸುಮಾರು 961. ಒಂದೇ ಒಂದು ಡಿಪಿಯಿಂದ ಮೀಡಿಯಂ ತರಗತಿಗೆ ತೇರ್ಗಡೆಯಾದ ಈ ಬಡಪಾಯಿ, ಅಡ್ಡ ಮಲಗಿದರೆ ಎಕ್ಸ್‌ಪ್ಯಾಂಡೆಡ್ ಆಗುತ್ತದೆ, ಕಾರ್ಯದರ್ಶಿಯವರು ಪಕ್ಕದಲ್ಲಿ ಕ್ಯಾಲ್ಕುಲೇಟರ್ ತೆರೆದು ಪರದೆಯನ್ನು ಎರಡಾಗಿ ಸೀಳಿಕೊಂಡರೆ ಅರ್ಧಕ್ಕೆ 480 ಡಿಪಿ ಉಳಿದು ಕಾಂಪ್ಯಾಕ್ಟ್‌ಗೆ ಇಳಿಯುತ್ತದೆ. ಒಂದೇ ಮೇಜು, ಒಂದೇ ಟ್ಯಾಬ್ಲೆಟ್, ಒಂದೇ ಬೆಳಗಿನಲ್ಲಿ ಮೂರು ಅವತಾರ. ಹಿಂದೆ ಎಕ್ಸ್‌ಎಂಎಲ್ ಕಡತಗಳಲ್ಲಿ ಪರದೆ ಬರೆಯುತ್ತಿದ್ದ ಕಾಲದಲ್ಲಿ ಟ್ಯಾಬ್ಲೆಟ್ಟಿಗೊಂದು, ಫೋನಿಗೊಂದು ಎಂದು ಲೇಔಟ್ ಕಡತಗಳ ಬೇರೆ ಬೇರೆ ಫೋಲ್ಡರ್ ಇಟ್ಟುಕೊಳ್ಳುತ್ತಿದ್ದ ನಾವು ಎರಡನ್ನೂ ತಿದ್ದಲು ಮರೆತು ಪಟ್ಟ ಪಾಡು ಇಲ್ಲಿಲ್ಲ. ಒಂದೇ ಕೋಟ್ಲಿನ್ ಫೈಲಿನಲ್ಲಿ ಮೂರೂ ಅವತಾರಗಳು ಕಣ್ಣೆದುರೇ ಇರುತ್ತವೆ.

ನನ್ನ ಆ್ಯಪಿನ ಜೀವಾಳ ಸದಸ್ಯರ ಪಟ್ಟಿ. ಪಟ್ಟಿಯಲ್ಲಿ ಒಬ್ಬರ ಹೆಸರನ್ನು ಒತ್ತಿದರೆ ಅವರು ಬೆಳಗ್ಗೆ ಸಂಜೆ ಹಾಕಿದ ಹಾಲಿನ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ ಎಲ್ಲವೂ ಬರಬೇಕು. ಇದಕ್ಕೆಂದೇ ಹೊಲಿದಿಟ್ಟಂತಿರುವುದು ಲಿಸ್ಟ್-ಡೀಟೇಲ್ ಪೇನ್ ಸ್ಕ್ಯಾಫೋಲ್ಡ್ ಎಂಬ ಘಟಕ. ಪಟ್ಟಿ ಹೇಗಿರಬೇಕು, ವಿವರ ಹೇಗಿರಬೇಕು ಎಂದು ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಟ್ಟರೆ ಸಾಕು. ಇಕ್ಕಟ್ಟಿನ ಕಿಟಕಿಯಲ್ಲಿ ಅದು ಒಂದಾದ ಮೇಲೊಂದನ್ನು ತೋರಿಸುತ್ತದೆ, ಎಕ್ಸ್‌ಪ್ಯಾಂಡೆಡ್ ಆದಾಗ ಎಡಕ್ಕೆ 360 ಡಿಪಿಯ ಪಟ್ಟಿ, ನಡುವೆ 24 ಡಿಪಿಯ ಬಿಡುವು, ಬಲಕ್ಕೆ ಮಿಕ್ಕ ಜಾಗದಲ್ಲಿ ವಿವರ ಎಂದು ಪಾಲು ಹಂಚುತ್ತದೆ. ಮೀಡಿಯಂ ಅಗಲದಲ್ಲಿ ಎರಡು ಪಾಲು ಮಾಡದೆ ಒಂದನ್ನೇ ಇಡುವುದು ಅದರ ಪೂರ್ವನಿಯೋಜಿತ ನಡೆ. ಬೇಕೆಂದರೆ ಬದಲಿಸಬಹುದು, ಆದರೆ ಅದು ಸರಿಯಾದ ನಡೆಯೆಂದೇ ನನ್ನ ಅನುಭವ. 601 ಡಿಪಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಹೊಟ್ಟೆ ತುಂಬುವುದಿಲ್ಲ. ಅದರ ‘ನ್ಯಾವಿಗಬಲ್’ ರೂಪವನ್ನು ಬಳಸಿದರೆ ಬ್ಯಾಕ್ ಗುಂಡಿಯ ವರ್ತನೆಯನ್ನೂ ಅದು ತಾನೇ ನೋಡಿಕೊಳ್ಳುತ್ತದೆ. ಫೋನಿನಲ್ಲಿ ವಿವರದಿಂದ ಪಟ್ಟಿಗೆ ಮರಳುವುದು, ಎರಡೂ ಕಾಣುತ್ತಿರುವಾಗ ಹಾಗೆ ಮಾಡದಿರುವುದು ಎಂಬ ಈ ವ್ಯತ್ಯಾಸವನ್ನು ಕೈಯಾರೆ ಬರೆದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆರಿಸಿದ ಸದಸ್ಯರ ನೆನಪನ್ನು ಮಾತ್ರ ನಾನೇ ಕೆಡಿಸಿಕೊಂಡೆ. ಯಾವ ಪರದೆ, ಯಾವ ಸದಸ್ಯರು ಎಂಬುದನ್ನು ನೋಡಿಕೊಳ್ಳುವ ಲೈಬ್ರರಿಯ ನ್ಯಾವಿಗೇಟರ್ ತನ್ನ ಸ್ಥಿತಿಯನ್ನು ಟ್ಯಾಬ್ಲೆಟ್ ತಿರುಗಿದಾಗಲೂ ಕಾಪಾಡಿಕೊಳ್ಳುತ್ತದೆ. ನಾನು ಅದರ ಪಕ್ಕದಲ್ಲಿ ಇನ್ನೊಂದು ಚರವನ್ನು ಬರೀ ‘ರಿಮೆಂಬರ್’ನಲ್ಲಿ ಇಟ್ಟುಕೊಂಡಿದ್ದರಿಂದ, ತಿರುಗಿಸಿದೊಡನೆ ಅರ್ಧ ತುಂಬಿದ ಹಾಲಿನ ನಮೂದು ಖಾಲಿಯಾಗುತ್ತಿತ್ತು. ಅಲ್ಲಿ ‘ರಿಮೆಂಬರ್ ಸೇವಬಲ್’ ಬೇಕಿತ್ತು. ದಿಕ್ಕನ್ನು ಕಟ್ಟಿಹಾಕಿದ ಆ್ಯಪಿನಲ್ಲಿ ಇಂಥ ತಪ್ಪುಗಳು ವರ್ಷಗಟ್ಟಲೆ ಅಡಗಿ ಕೂತಿರುತ್ತವೆ, ಕಟ್ಟು ಬಿಚ್ಚಿದ ದಿನ ಸಾಲಾಗಿ ಹೊರಬರುತ್ತವೆ. ಹೊಸದಾಗಿ ಬದಲಾಯಿಸುವವರು ಈ ಕೆಲಸಕ್ಕೆಂದೇ ಒಂದೆರಡು ವಾರ ತೆಗೆದಿಡುವುದು ಒಳ್ಳೆಯದು.

ಇನ್ನು ನನ್ನ ತಕರಾರುಗಳಿಗೆ ಬರುತ್ತೇನೆ. ಮೊದಲನೆಯದು, ಈ ತರಗತಿಗಳು ಕಿಟಕಿಯನ್ನು ಅಳೆಯುತ್ತವೆಯೇ ಹೊರತು ಕಿಟಕಿಯೊಳಗಿನ ಕೋಣೆಯನ್ನಲ್ಲ. ಹಾಲಿನ ವಿವರವನ್ನು ಜಾಗವಿದ್ದಲ್ಲಿ ಏಳು ಕಂಬಸಾಲುಗಳ ಕೋಷ್ಟಕವಾಗಿ, ಇಲ್ಲದಲ್ಲಿ ಚೀಟಿಗಳಂತೆ ಒಂದರ ಕೆಳಗೊಂದಾಗಿ ತೋರಿಸಬೇಕೆಂಬುದು ನನ್ನ ಯೋಜನೆಯಾಗಿತ್ತು. ಎಕ್ಸ್‌ಪ್ಯಾಂಡೆಡ್ ಆದರೆ ಕೋಷ್ಟಕ, ಇಲ್ಲದಿದ್ದರೆ ಚೀಟಿ ಎಂದು ಬರೆದೆ, ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಂಡಿತು. ಆಮೇಲೆ ಕೂಡಿ ಕಳೆದು ನೋಡಿದಾಗ ಹೊಳೆದ ಸಂಗತಿ ಇದು: ಟ್ಯಾಬ್ಲೆಟ್ ಅಡ್ಡ ಇದ್ದಾಗಿನ 961 ಡಿಪಿಯಲ್ಲಿ ಎಡಬದಿಯ ನ್ಯಾವಿಗೇಷನ್ ರೈಲಿಗೆ (ಮುಖ್ಯ ಗುಂಡಿಗಳ ನೆಟ್ಟನೆಯ ಸಾಲು) 80, ಪಟ್ಟಿಗೆ 360, ಬಿಡುವಿಗೆ 24 ಹೋದರೆ ವಿವರಕ್ಕೆ ದಕ್ಕುವುದು 497, ಅದೇ ಟ್ಯಾಬ್ಲೆಟ್ ನೆಟ್ಟಗಿದ್ದಾಗ ಪಟ್ಟಿ ಮರೆಯಾಗಿರುವುದರಿಂದ 601ರಲ್ಲಿ ರೈಲಿನ 80 ಕಳೆದು 521 ಉಳಿಯುತ್ತದೆ. ಅಂದರೆ ಕಿಟಕಿ ಕಿರಿದಾದಾಗ ಕೋಷ್ಟಕಕ್ಕೆ ಜಾಗ ಹೆಚ್ಚು! ನನ್ನ ನಿಯಮ ಹೆಚ್ಚು ಜಾಗವಿದ್ದಲ್ಲಿ ಚೀಟಿಯನ್ನೂ ಕಡಿಮೆ ಇದ್ದಲ್ಲಿ ಕೋಷ್ಟಕವನ್ನೂ ತೋರಿಸುತ್ತಿತ್ತು. ಇದಕ್ಕೆ ಪರಿಹಾರ ಕಂಪೋಸ್‌ನಲ್ಲಿಯೇ ಉಂಟು: ‘ಬಾಕ್ಸ್ ವಿತ್ ಕನ್‌ಸ್ಟ್ರೇಂಟ್ಸ್’ ಎಂಬುದರೊಳಗೆ ವಿವರವನ್ನು ಇಟ್ಟರೆ ಆ ಕೋಣೆಗೆ ನಿಜಕ್ಕೂ ಎಷ್ಟು ಅಗಲ ಸಿಕ್ಕಿದೆ ಎಂದು ಅಲ್ಲಿಯೇ ಕೇಳಿ ತೀರ್ಮಾನಿಸಬಹುದು. ಈಗ ನನ್ನ ಕೋಷ್ಟಕ 480 ಡಿಪಿ ಸಿಕ್ಕಲ್ಲೆಲ್ಲ ಬಿಚ್ಚಿಕೊಳ್ಳುತ್ತದೆ. ಇಡೀ ಪರದೆಯ ವಿನ್ಯಾಸಕ್ಕೆ ಕಿಟಕಿಯ ತರಗತಿ, ಒಳಗಿನ ಒಂದೊಂದು ಭಾಗಕ್ಕೆ ಅದರದೇ ಅಗಲ ಎಂಬ ಈ ವಿಂಗಡಣೆಯನ್ನು ಆರಂಭದಲ್ಲಿಯೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನನಗೆ ಒಂದು ವಾರ ಉಳಿಯುತ್ತಿತ್ತು.

ಎರಡನೆಯ ತಕರಾರು ನ್ಯಾವಿಗೇಷನ್ ಸೂಟ್ ಸ್ಕ್ಯಾಫೋಲ್ಡ್‌ನ ಒಂದು ತೀರ್ಮಾನದ ಮೇಲಿನದು. ಆ್ಯಪಿನ ಮುಖ್ಯ ಗುಂಡಿಗಳನ್ನು ಫೋನಿನಲ್ಲಿ ಕೆಳಗಿನ ಪಟ್ಟಿಯಾಗಿ, ಟ್ಯಾಬ್ಲೆಟ್ಟಿನಲ್ಲಿ ಎಡಬದಿಯ ರೈಲಾಗಿ ಅದು ತಾನಾಗಿಯೇ ಬದಲಿಸುವುದು ಸೊಗಸಾಗಿದೆ. ಆದರೆ ಕಿಟಕಿಯ ಎತ್ತರ ಕಾಂಪ್ಯಾಕ್ಟ್ ಆಗಿದ್ದಾಗಲೂ ಅದು ಕೆಳಗಿನ ಪಟ್ಟಿಯನ್ನೇ ಆರಿಸುತ್ತದೆ. 360 ಡಿಪಿ ಅಗಲದ ಫೋನನ್ನು ಅಡ್ಡ ಹಿಡಿದರೆ ಅಗಲ 800, ಎತ್ತರ 360. ಅಗಲ ಬೇಕಾದಷ್ಟಿದೆ, ಬರ ಇರುವುದು ಎತ್ತರಕ್ಕೆ. ಅಂಥಲ್ಲಿ 80 ಡಿಪಿ ಎತ್ತರದ ಪಟ್ಟಿಯನ್ನು ಕೆಳಗೆ, 64 ಡಿಪಿಯ ಶೀರ್ಷಿಕೆಯನ್ನು ಮೇಲೆ ಇಟ್ಟರೆ ನಡುವೆ ಉಳಿಯುವುದು 216. ಅದರಲ್ಲಿಯೂ ಮೇಲಿನ ಗಡಿಯಾರದ ಸಾಲಿನ ಪಾಲು ಹೋಗಬೇಕು. ಸದಸ್ಯರ ಪಟ್ಟಿಯ ಮೂರು ಹೆಸರು ಕಂಡರೆ ಹೆಚ್ಚು. ಹೆಬ್ಬೆರಳಿಗೆ ಕೆಳಗಿನ ಪಟ್ಟಿ ಹತ್ತಿರವಿರುತ್ತದೆಂಬ ವಾದವನ್ನು ನಾನು ಬಲ್ಲೆ, ಆದರೆ ಅಡ್ಡ ಹಿಡಿದ ಫೋನಿನಲ್ಲಿ ಎಡ ಅಂಚೂ ಹೆಬ್ಬೆರಳಿಗೆ ಅಷ್ಟೇ ಹತ್ತಿರ. ಹೀಗಾಗಿ ಈ ಒಂದು ಸನ್ನಿವೇಶದಲ್ಲಿ ಲೈಬ್ರರಿಯ ಆಯ್ಕೆಯನ್ನು ಬದಿಗೊತ್ತಿ ರೈಲನ್ನೇ ಇಟ್ಟಿದ್ದೇನೆ. ಹಾಗೆ ಬದಿಗೊತ್ತಲು ಅದು ಅವಕಾಶ ಕೊಟ್ಟಿದೆ ಎಂಬುದನ್ನೂ ಹೇಳಬೇಕು. ಲೇಔಟಿನ ಬಗೆಯನ್ನು ನಾವೇ ಲೆಕ್ಕಹಾಕಿ ಕೊಟ್ಟರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ.

ಮೂರನೆಯದು ತಕರಾರಲ್ಲ, ಲೈಬ್ರರಿಯು ಕೈಹಾಕದೆ ನಮಗೇ ಬಿಟ್ಟ ಕೆಲಸ. ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಅರ್ಧ ಸಮಸ್ಯೆ ಇರುವುದೇ ಇಲ್ಲಿ. ಪರದೆ ಹಿಗ್ಗಿ ಕುಗ್ಗುವುದನ್ನು ಈ ಲೈಬ್ರರಿ ಅಳೆಯುತ್ತದೆ, ಅಕ್ಷರ ಹಿಗ್ಗುವುದನ್ನು ಅಳೆಯುವುದಿಲ್ಲ. ಇಂಗ್ಲಿಷಿನ ‘ಶೇರ್’ ಎಂಬ ಗುಂಡಿಗೆ ಐದು ಅಕ್ಷರ ಸಾಕು. ಕನ್ನಡದ ‘ಹಂಚಿಕೊಳ್ಳಿ’ಗೆ ಅದರ ಎರಡರಷ್ಟು ಅಗಲ ಬೇಕು. ಕೆಳಗಿನ ಪಟ್ಟಿಯಲ್ಲಿ ಐದು ಗುಂಡಿಗಳಿದ್ದರೆ 360 ಡಿಪಿಯಲ್ಲಿ ಒಂದೊಂದಕ್ಕೆ ಸಿಗುವುದು ಹೆಚ್ಚೆಂದರೆ 72. ‘ಸದಸ್ಯರು’, ‘ಹಾಲು’, ‘ಬಟವಾಡೆ’ ಅದರಲ್ಲಿ ನಿರಾಳವಾಗಿ ಕೂರುತ್ತವೆ, ‘ಪ್ರೋತ್ಸಾಹಧನ’ ಕೂರುವುದಿಲ್ಲ. ಸರ್ಕಾರದ ಪ್ರೋತ್ಸಾಹಧನದ ಲೆಕ್ಕವನ್ನು ಬಟವಾಡೆಯ ಒಳಗೆ ಸೇರಿಸಿ ಗುಂಡಿಗಳನ್ನು ನಾಲ್ಕಕ್ಕೆ ಇಳಿಸಿದೆ. ವಿನ್ಯಾಸದ ಸಮಸ್ಯೆಯನ್ನು ಕೆಲವೊಮ್ಮೆ ಒಳ್ಳೆಯ ಪದವೊಂದು ಬಗೆಹರಿಸುತ್ತದೆ. ‘ಪಾವತಿ ವಿವರಗಳು’ ಎಂದು ನಾನು ಅನುವಾದಿಸಿ ಇಟ್ಟಿದ್ದ ಗುಂಡಿಗೆ ‘ಬಟವಾಡೆ’ ಎಂದು ಸೂಚಿಸಿದವರು ಕಾರ್ಯದರ್ಶಿಯವರೇ. ಊರಿನವರು ಹಾಗೆಯೇ ಅನ್ನುವುದು.

ಅಗಲಕ್ಕಿಂತಲೂ ಎತ್ತರ ಹೆಚ್ಚು ಕಾಡುತ್ತದೆ. ಕನ್ನಡದ ಅಕ್ಷರ ಮೇಲಕ್ಕೆ ತಲೆಕಟ್ಟು, ಗುಡಿಸುಗಳನ್ನೂ ಕೆಳಕ್ಕೆ ಒತ್ತುಗಳನ್ನೂ ಹೊತ್ತಿರುತ್ತದೆ. ‘ರಾಷ್ಟ್ರೀಕೃತ’ದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ಮೆಟೀರಿಯಲ್ 3ರ ಚಿಕ್ಕ ಲೇಬಲ್ಲುಗಳಿಗೆ 12 ಎಸ್‌ಪಿ ಅಕ್ಷರ, 16 ಎಸ್‌ಪಿ ಸಾಲಿನ ಎತ್ತರ ಎಂದು ನಿಗದಿಯಾಗಿದೆ (ಎಸ್‌ಪಿ ಎಂದರೆ ಬಳಕೆದಾರರು ಆರಿಸಿದ ಅಕ್ಷರಗಾತ್ರದೊಂದಿಗೆ ಹಿಗ್ಗುವ ಡಿಪಿ), ಅದು ಲ್ಯಾಟಿನ್ ಲಿಪಿಗೆ ಹೇಳಿಮಾಡಿಸಿದ ಅನುಪಾತ. ನಾನು ಅದರ ಮೇಲೆ ಗುಂಡಿಗಳ ಎತ್ತರವನ್ನೂ 40 ಡಿಪಿಗೆ ಬಿಗಿದಿದ್ದೆ. ರೈತರೊಬ್ಬರು ಫಾಂಟ್ ದೊಡ್ಡದು ಮಾಡಿಕೊಂಡಿದ್ದ ಫೋನಿನಲ್ಲಿ ‘ಒಟ್ಟು ಮೊತ್ತ’ ಎಂಬುದು ಒತ್ತುಗಳನ್ನು ಕಳೆದುಕೊಂಡು ‘ಒಟು ಮೊತ’ ಎಂದು ಕಾಣುತ್ತಿತ್ತು. ಹಣದ ವಿಷಯದಲ್ಲಿ ಹೀಗೆ ಕಾಣುವ ಆ್ಯಪನ್ನು ಯಾರಾದರೂ ಏಕೆ ನಂಬಬೇಕು? ಎತ್ತರವನ್ನು ನಿಗದಿಪಡಿಸುವುದನ್ನು ಬಿಟ್ಟು ಕನಿಷ್ಠ 48 ಡಿಪಿ ಎಂದಷ್ಟೇ ಹೇಳಿ, ಅಕ್ಷರ ಬೆಳೆದರೆ ಗುಂಡಿಯೂ ಬೆಳೆಯಲಿ ಎಂದು ಬಿಟ್ಟೆ. ಅಕ್ಷರಶೈಲಿಯ ಪಟ್ಟಿಯನ್ನೇ ಹೊಸದಾಗಿ ಬರೆದು ಸಾಲಿನ ಎತ್ತರವನ್ನು ಅಕ್ಷರದ 1.6ರಷ್ಟಕ್ಕೆ ಏರಿಸಿದೆ. ಈ ವಿಷಯದಲ್ಲಿ ವ್ಯವಸ್ಥೆಯೂ ನಿಧಾನವಾಗಿ ದಾರಿಗೆ ಬರುತ್ತಿದೆ ಎನ್ನಬೇಕು: ಹಳೆಯ ಟೆಕ್ಸ್ಟ್‌ವ್ಯೂ (ಕಂಪೋಸ್‌ಗೆ ಮೊದಲಿನ, ಅಕ್ಷರ ತೋರಿಸುವ ಘಟಕ) ಬಳಸುವವರಿಗೆ ಆಂಡ್ರಾಯ್ಡ್ 15 ಗುರಿಯಾಗಿರುವ ಆ್ಯಪುಗಳಲ್ಲಿ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂಬ ಗುಣ ತಾನಾಗಿಯೇ ಚಾಲೂ ಆಗಿರುತ್ತದೆ, ಅದರ ಫಲ ಸಿಗುವ ಲಿಪಿಗಳಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ಎಲ್ಲವೂ ಇವೆ. ಅದಕ್ಕೂ ಮೊದಲು ಇಂಥ ಎತ್ತರದ ಲಿಪಿಗಳನ್ನು ಲ್ಯಾಟಿನ್ ಸಾಲಿನಲ್ಲಿ ಹಿಡಿಸಲು ಕುಗ್ಗಿಸಿದ ಫಾಂಟುಗಳನ್ನೇ ಬಳಸುತ್ತಿದ್ದರು. ಆಂಡ್ರಾಯ್ಡ್ 14ರಿಂದ ಅಕ್ಷರಗಳನ್ನು 200 ಪ್ರತಿಶತದವರೆಗೆ ಹಿಗ್ಗಿಸಬಹುದು. ಮೊದಲೇ ದೊಡ್ಡದಾಗಿರುವ ಶೀರ್ಷಿಕೆಗಳು ಚಿಕ್ಕ ಅಕ್ಷರಗಳಷ್ಟು ಹಿಗ್ಗದಂತೆ ಅಲ್ಲಿ ಜಾಣತನದ ಏರ್ಪಾಡಿದೆ.

ಇದನ್ನೆಲ್ಲ ಪರೀಕ್ಷಿಸುವ ಸಲಕರಣೆ ಆಂಡ್ರಾಯ್ಡ್ ಸ್ಟುಡಿಯೋದ ಪ್ರಿವ್ಯೂ. ಕೋಡಿನಲ್ಲಿ ಒಂದೇ ಟಿಪ್ಪಣಿ (ಅನೊಟೇಷನ್) ಬರೆದರೆ ಫೋನು, ಅಡ್ಡ ಫೋನು, ಬಿಚ್ಚಿದ ಮಡಚು ಫೋನು, ಟ್ಯಾಬ್ಲೆಟ್, ಡೆಸ್ಕ್‌ಟಾಪ್ ಐದರಲ್ಲಿಯೂ ಪರದೆ ಹೇಗೆ ಕಾಣುತ್ತದೆಂದು ಸಾಲಾಗಿ ತೋರಿಸುತ್ತದೆ. ಇನ್ನೊಂದು ಟಿಪ್ಪಣಿ 85ರಿಂದ 200 ಪ್ರತಿಶತದವರೆಗಿನ ಏಳು ಅಕ್ಷರಗಾತ್ರಗಳನ್ನು ತೋರಿಸುತ್ತದೆ. ಎರಡೂ ಬಹಳ ಉಪಯುಕ್ತ. ಆದರೆ ಇವೆರಡನ್ನೂ ಗುಣಿಸಿ, ಅಂದರೆ ಅಡ್ಡ ಫೋನಿನಲ್ಲಿ 200 ಪ್ರತಿಶತ ಹೇಗೆ ಎಂದು ನೋಡಬೇಕಾದರೆ ನಮ್ಮದೇ ಟಿಪ್ಪಣಿಯನ್ನು ರಚಿಸಿಕೊಳ್ಳಬೇಕು. ನನ್ನದು ಈಗ ಹೀಗಿದೆ: ಭಾಷೆ ಕನ್ನಡ, ಅಗಲ 320 ಡಿಪಿ, ಅಕ್ಷರ 200 ಪ್ರತಿಶತ. ಅತಿ ಕಷ್ಟದ ಈ ಪರದೆಯನ್ನೇ ಮೊದಲು ನೋಡುತ್ತೇನೆ, ಅಲ್ಲಿ ನಿಂತ ವಿನ್ಯಾಸ ಬೇರೆಡೆ ಬಿದ್ದದ್ದನ್ನು ಕಂಡಿಲ್ಲ. ಒತ್ತಕ್ಷರ ಕತ್ತರಿಸುತ್ತದೆಯೇ ಎಂಬುದನ್ನು ಮಾತ್ರ ಪ್ರಿವ್ಯೂ ನೋಡಿ ನಿರ್ಧರಿಸಬಾರದು. ಫೋನು ತಯಾರಕರು ತಮ್ಮದೇ ಕನ್ನಡ ಫಾಂಟನ್ನು ಹಾಕಿರುವುದುಂಟು, ಅದರ ಅಳತೆಯೇ ಬೇರೆಯಾಗಿರಬಹುದು. ಕೈಗೆ ಸಿಕ್ಕ ನಾಲ್ಕಾರು ಅಗ್ಗದ ಫೋನುಗಳಲ್ಲಿ ಹಾಕಿ ನೋಡುವುದೇ ಉಳಿದ ದಾರಿ. ನನ್ನ 8 ಜಿಬಿ ಲ್ಯಾಪ್‌ಟಾಪ್ ಹನ್ನೆರಡು ಪ್ರಿವ್ಯೂಗಳನ್ನು ಒಟ್ಟಿಗೆ ತೆರೆದರೆ ಏದುಸಿರು ಬಿಡುತ್ತದೆ. 16 ಜಿಬಿ ಇದ್ದವರು ಪುಣ್ಯವಂತರು.

ಮಡಚುವ ಫೋನುಗಳ ಬಗ್ಗೆ ಲೈಬ್ರರಿಯಲ್ಲಿ ಸಾಕಷ್ಟು ಸೌಕರ್ಯವಿದೆ, ತಿರುಗಣಿ ಎಲ್ಲಿದೆ, ಅರ್ಧ ಮಡಚಿ ಮೇಜಿನ ಮೇಲಿಟ್ಟಿದ್ದಾರೆಯೇ ಎಂದೆಲ್ಲ ಅದು ತಿಳಿಸುತ್ತದೆ. ನಮ್ಮ ಸಂಘದ ಸದಸ್ಯರಲ್ಲಿ ಅಂಥ ಫೋನು ಯಾರ ಬಳಿಯೂ ಇಲ್ಲವಾದ್ದರಿಂದ ಆ ಭಾಗವನ್ನು ನಾನು ಮುಟ್ಟಿಲ್ಲ.

ಕಲಿಯುವ ಹೊರೆಯ ವಿಷಯ ಹೇಳುವುದಾದರೆ, ಎಕ್ಸ್‌ಎಂಎಲ್ ಮತ್ತು ಕನ್‌ಸ್ಟ್ರೇಂಟ್ ಲೇಔಟ್‌ನಲ್ಲಿ ಪಳಗಿದವರಿಗೆ ಕಂಪೋಸ್ ಕಲಿಯಲು ಒಂದೆರಡು ತಿಂಗಳು ಬೇಕು, ಅದಾದ ಮೇಲೆ ಅಡಾಪ್ಟಿವ್ ಲೈಬ್ರರಿಗೆ ವಾರ ಸಾಕು. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 2024ರಲ್ಲಿ. ಸ್ಥಿರ ಎಂದರೂ ಮುಖ್ಯ ಘಟಕಗಳನ್ನು ಬಳಸಲು ‘ಇದು ಪ್ರಯೋಗಾತ್ಮಕ ಎಂದು ಬಲ್ಲೆ’ ಎಂಬ ಮುಚ್ಚಳಿಕೆಯನ್ನು ಕೋಡಿನಲ್ಲಿ ಬರೆದುಕೊಡಬೇಕಾಗಿತ್ತು. ಮುಂದಿನ ಆವೃತ್ತಿಯಲ್ಲಿ ನ್ಯಾವಿಗೇಟರಿನ ಕರೆಗಳು ಸಸ್ಪೆಂಡ್ ಫಂಕ್ಷನ್ನುಗಳಾಗಿ (ನಡುವೆ ತಡೆದು ಮುಂದುವರಿಯಬಲ್ಲ, ಬೇರೆ ರೀತಿಯಲ್ಲಿ ಕರೆಯಬೇಕಾದ ಫಂಕ್ಷನ್ನುಗಳಾಗಿ) ಬದಲಾದಾಗ ಈ ಮುಚ್ಚಳಿಕೆಯ ಅರ್ಥ ಸ್ಪಷ್ಟವಾಯಿತು. ಲೈಬ್ರರಿ ಉಚಿತ, ಅಪಾಚೆ ಪರವಾನಗಿಯಲ್ಲಿ ಮುಕ್ತವಾಗಿದೆ, ಅನುಮಾನ ಬಂದಾಗ ಅದರ ಮೂಲವನ್ನೇ ತೆರೆದು ಓದಬಹುದು. ಎತ್ತರ ಕಡಿಮೆಯಿದ್ದಾಗ ಕೆಳಗಿನ ಪಟ್ಟಿಯೇ ಏಕೆ ಬರುತ್ತದೆಂಬುದನ್ನು ನಾನು ಕಂಡುಕೊಂಡದ್ದೂ ಹಾಗೆಯೇ. ಅಗ್ಗದ ಫೋನಿನಲ್ಲಿ ವೇಗ ಹೇಗಿದೆಯೆಂದು ನೋಡುವವರು ಡಿಬಗ್ ಬಿಲ್ಡ್ (ಬರೆಯುವಾಗ ಪರೀಕ್ಷೆಗೆಂದು ಕಟ್ಟುವ ರೂಪ) ಹಾಕಿ ನೋಡಿ ನಿರಾಶರಾಗಬಾರದು, ರಿಲೀಸ್ ಬಿಲ್ಡಿನಲ್ಲಿ ಪಟ್ಟಿ ಸರಾಗವಾಗಿ ಓಡುತ್ತದೆ. ಒಂದೇ ಪರದೆಯ ಚಿಕ್ಕ ಆ್ಯಪಿಗೆ ಇಷ್ಟೆಲ್ಲ ಬೇಕಿಲ್ಲ, ಅಲ್ಲಿ ಸಾಲುಗಳನ್ನು ಹರಿಯಬಿಡುವ ‘ಫ್ಲೋ ರೋ’ ಮತ್ತು ಗರಿಷ್ಠ ಅಗಲದ ಒಂದು ಮಿತಿ ಇಟ್ಟರೆ ಕೆಲಸವಾಗುತ್ತದೆ. ಪಟ್ಟಿ ಮತ್ತು ವಿವರ ಎಂಬ ಅಚ್ಚಿನಲ್ಲಿ ಕೂರುವ ಯಾವ ಆ್ಯಪಿಗಾದರೂ, ಅದು ಹಾಲಿನದಿರಲಿ, ಗ್ರಂಥಾಲಯದ್ದಿರಲಿ, ಇದನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ.

ಸಂಘದ ಟ್ಯಾಬ್ಲೆಟ್ ಈಗ ಸ್ಟ್ಯಾಂಡಿನಲ್ಲಿ ಅಡ್ಡಲಾಗಿಯೇ ಇರುತ್ತದೆ. ಎಡಕ್ಕೆ ಹೆಸರುಗಳು, ಬಲಕ್ಕೆ ಲೆಕ್ಕ. ಕ್ಯಾನು ಹಿಡಿದು ನಿಂತವರು ಕಿಟಕಿಯ ಆಚೆಯಿಂದಲೇ ತಮ್ಮ ಫ್ಯಾಟ್ ಎಷ್ಟು ಬಂದಿದೆಯೆಂದು ಓದಿಕೊಳ್ಳುತ್ತಾರೆ. ಪಕ್ಕದವರದ್ದನ್ನೂ ಓದಿಕೊಳ್ಳುತ್ತಾರೆಂಬ ದೂರು ಹೋದ ವಾರ ಬಂದಿದೆ, ಅದಕ್ಕೆ ಏನು ಮಾಡಬೇಕೆಂದು ಯೋಚಿಸುತ್ತಿದ್ದೇನೆ.